ಶಾರ್ಕ್ ಬರುವ ತನಕ ತಾಳಿ

ಕೇಳುಗರಿಗೆಲ್ಲ ನಮಸ್ಕಾರ.

ಏಪ್ರಿಲ್ ಹತ್ತಕ್ಕೆ ಮಕ್ಕಳ ರಿಸಲ್ಟ್ ಬಂತು ಅಂದರೆ ನಮ್ಮಲ್ಲಿ ದೊಡ್ಡ ಸಿನಿಮಾಗಳ ಹಂಗಾಮು ಶುರು. ಮನೆಯಲ್ಲಿ ಫ್ಯಾನು ಬಿಸಿಗಾಳಿ ಬೀಸುತ್ತಿರುತ್ತದೆ, ಅದೂ ಕರೆಂಟು ಇದ್ದರೆ. ಮೂರು ಗಂಟೆ ಎ.ಸಿ.ಯಲ್ಲಿ ಕೂತು ಬರೋಣ ಅಂತ ಹೊರಡುವವರಲ್ಲಿ ಎಷ್ಟೋ ಜನಕ್ಕೆ ಪರದೆಯ ಮೇಲೆ ಯಾರು ಬಂದರೂ ಅಡ್ಡಿಯಿಲ್ಲ. ಇದೇನು ಹೊಸದಲ್ಲ ಬಿಡಿ. ನ್ಯೂಯಾರ್ಕಿನ ರಿವೋಲಿ ಥಿಯೇಟರಿಗೆ 1925ರಲ್ಲಿ ವಿಲ್ಲಿಸ್ ಕ್ಯಾರಿಯರ್ ಅನ್ನುವ ಎಂಜಿನಿಯರ್ ತಂಪು ಯಂತ್ರ ಕೂರಿಸಿದ. ಸೆಕೆಗೆ ಹೆದರಿ ಥಿಯೇಟರ್ ಬಿಟ್ಟಿದ್ದ ಜನ ಆಮೇಲೆ ಸೆಕೆಗೆ ಹೆದರಿಯೇ ಥಿಯೇಟರಿಗೆ ಬರತೊಡಗಿದರು.

ಒಂದು ತಮಾಷೆ ನೋಡಿ. ಅಮೆರಿಕದವರ ಸಿನಿಮಾ ಬೇಸಿಗೆ ಕಾವೇರುವುದು ಮೇ ಕೊನೆಗೆ. ಆ ಹೊತ್ತಿಗೆ ಇಲ್ಲಿ ಶಾಲೆ ಬಾಗಿಲು ತೆರೆದು, ಮುಂಗಾರು ಹಿಡಿದು, ಸೀಟಿನ ಕೆಳಗಿಟ್ಟ ಕೊಡೆ ಪಕ್ಕದವರ ಚಪ್ಪಲಿ ನೆನೆಸುತ್ತಿರುತ್ತದೆ.

ಬೇಸಿಗೆಯ ಭಾರೀ ಚಿತ್ರ ಅನ್ನುವ ವ್ಯವಹಾರಕ್ಕೆ ಓನಾಮ ಹಾಕಿದ್ದು ಮನುಷ್ಯರನ್ನು ತಿನ್ನುವ ಶಾರ್ಕ್ ಮೀನಿನ ಕಥೆಯ ಹಾಲಿವುಡ್ ಚಿತ್ರ ‘ಜಾಸ್’ ಅಂತ ಹೇಳುವ ವಾಡಿಕೆ. 1975ರ ಜೂನ್ 20ರಂದು ಸುಮಾರು 400 ಥಿಯೇಟರುಗಳಲ್ಲಿ ಒಟ್ಟಿಗೇ ತೆರೆಕಂಡಿತು, ಅದಕ್ಕೂ ಮುಂಚೆ ಟಿವಿಯಲ್ಲಿ ಜಾಹೀರಾತಿನ ಸುರಿಮಳೆ. ಇವತ್ತಿನ ಎಲ್ಲ ದೊಡ್ಡ ಚಿತ್ರಗಳು ಕಲಿತ ಪಾಠ ಇದೊಂದೇ: ಎಲ್ಲ ಕಡೆ ಒಂದೇ ದಿನ ಬಿಡು, ಜೋರಾಗಿ ಕೂಗು. ಚಿತ್ರದೊಳಗಿದ್ದ ಪಾಠವನ್ನು ಯಾರೂ ಕಲಿಯಲಿಲ್ಲ ಅನ್ನುವುದು ನನ್ನ ತಕರಾರು.

ಆ ಚಿತ್ರಕ್ಕಾಗಿ ಮಾಡಿಸಿದ ಯಂತ್ರದ ಶಾರ್ಕು ಸಮುದ್ರದ ಉಪ್ಪುನೀರಿಗೆ ಇಳಿದರೆ ಸಾಕು, ಕೈಕೊಡುತ್ತಿತ್ತು. ನಿರ್ದೇಶಕ ಸ್ಪೀಲ್‌ಬರ್ಗ್ ಏನು ಮಾಡಬೇಕು? ಶಾರ್ಕ್ ಇಲ್ಲದೆಯೇ ಶಾರ್ಕನ್ನು ತೋರಿಸಿದರು. ಶಾರ್ಕಿಗೆ ಚುಚ್ಚಿದ ಈಟಿಗೆ ಕಟ್ಟಿದ ಹಳದಿ ಪೀಪಾಯಿಗಳು ನೀರಿನ ಮೇಲೆ ಸರಸರ ಓಡುತ್ತವೆ. ಕೆಳಗೆ ಯಾವುದೋ ಎಳೆಯುತ್ತಿದೆ ಅಂತ ನಮಗೆ ಗೊತ್ತು, ಕಾಣುವುದು ಪೀಪಾಯಿ ಮಾತ್ರ. ಜೊತೆಗೆ ಸಂಗೀತ ನಿರ್ದೇಶಕ ಜಾನ್ ವಿಲಿಯಮ್ಸ್ ಅವರ ಎರಡೇ ಸ್ವರ, ಮೊದಲು ನಿಧಾನಕ್ಕೆ, ಆಮೇಲೆ ಹತ್ತಿರ ಹತ್ತಿರ. ಚಿತ್ರ ಒಂದು ಗಂಟೆ ದಾಟಿದ ಮೇಲಷ್ಟೇ ಆ ಮೀನು ಬಾಯಿ ತೆರೆದು ನೇರ ಎದುರಿಗೆ ಬರುವುದು. ಅಷ್ಟು ಹೊತ್ತಿಗೆ ನಾವು ಅದನ್ನು ಮನಸ್ಸಿನಲ್ಲೇ ಅದರ ಎರಡರಷ್ಟು ದೊಡ್ಡದು ಮಾಡಿಕೊಂಡಿರುತ್ತೇವೆ.

ಸ್ಪೀಲ್‌ಬರ್ಗ್ ಅವರದೇ ‘ಜುರಾಸಿಕ್ ಪಾರ್ಕ್’, 1993ರದು. ಮರುವರ್ಷ ನಮ್ಮ ದೇಶಕ್ಕೆ ಹಿಂದಿಯಲ್ಲೂ ಬಂತು. ಎರಡು ಗಂಟೆ ದಾಟುವ ಆ ಚಿತ್ರದಲ್ಲಿ ಡೈನೊಸಾರ್‌ಗಳು ಕಾಣುವುದು ಒಟ್ಟು ಕಾಲು ಗಂಟೆ ಆಸುಪಾಸು ಅಷ್ಟೇ. ಜನ ಇವತ್ತಿಗೂ ನೆನೆಸಿಕೊಳ್ಳುವುದು ಯಾವುದನ್ನು? ಕಾರಿನ ಮುಂದೆ ಇಟ್ಟ ಲೋಟದ ನೀರಿನಲ್ಲಿ ಏಳುವ ಉಂಗುರಗಳನ್ನು. ಆ ಉಂಗುರ ಬರಿಸಲು ಲೋಟದ ಅಡಿಗೆ ಗಿಟಾರಿನ ತಂತಿ ಕಟ್ಟಿ ಮೀಟಿದರಂತೆ. ಒಂದು ತಂತಿಯ ಖರ್ಚಿನಲ್ಲಿ ಇಡೀ ಥಿಯೇಟರಿನ ಉಸಿರು ನಿಂತಿತು!

ಈಗಿನ ಚಿತ್ರಗಳಲ್ಲಿ ಊರು ಉರುಳುವುದು ಮೊದಲ ಹತ್ತು ನಿಮಿಷದಲ್ಲೇ. ಆಮೇಲೆ ಅದಕ್ಕಿಂತ ದೊಡ್ಡ ಊರು, ಕೊನೆಗೆ ಆಕಾಶವೇ ಬಿರಿಯುತ್ತದೆ. ನನಗಂತೂ ಅಷ್ಟರಲ್ಲಿ ಆಕಳಿಕೆ.

ನಮ್ಮವರೇನು ಕಡಿಮೆಯಿಲ್ಲ, ಆದರೆ ನಮ್ಮವರಿಗೆ ಕಾಯಿಸುವುದು ಗೊತ್ತು. ಕಟ್ಟಪ್ಪ ಬಾಹುಬಲಿಯನ್ನು ಯಾಕೆ ಕೊಂದ ಅಂತ 2015ರ ಜುಲೈಯಲ್ಲಿ ಕೇಳಿಸಿಕೊಂಡ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 2017ರ ಏಪ್ರಿಲ್ 28ಕ್ಕೆ. ಅಷ್ಟು ದಿನ ದೇಶಕ್ಕೆ ದೇಶವೇ ಹರಟೆ ಹೊಡೆಯಿತು. 2022ರ ಏಪ್ರಿಲ್ 14ಕ್ಕೆ ಬಂದ ‘ಕೆಜಿಎಫ್’ ಎರಡನೇ ಭಾಗದ ಬಗ್ಗೆ ನನಗೆ ಎರಡು ಮನಸ್ಸು. ಕಣ್ಣಿಗೆ ಹಬ್ಬ, ಕಿವಿಗೆ ಬಿಡುವೇ ಇಲ್ಲ. ಅದರಲ್ಲೂ ‘ದೊಡ್ಡಮ್ಮ’ ಅನ್ನುವ ಆ ಬಂದೂಕಿನ ದೃಶ್ಯ ನೋಡಿ. ಗುಂಡಿನ ಸುರಿಮಳೆ ನಡೆಯುವಾಗ ನಮ್ಮ ಥಿಯೇಟರಿನಲ್ಲಿ ಕೂಗಾಟ ಇತ್ತು, ನಿಜ. ಆದರೆ ಸದ್ದು ನಿಂತು, ಕಾದು ಕೆಂಪಾದ ನಳಿಕೆಗೆ ರಾಕಿ ಸಿಗರೇಟು ತಾಗಿಸಿ ಹಚ್ಚಿಕೊಳ್ಳುತ್ತಾನಲ್ಲ, ಬಾಲ್ಕನಿಯಿಂದ ಶಿಳ್ಳೆ ಕಿತ್ತುಕೊಂಡು ಬಂದದ್ದು ಆಗ. ಆ ಒಂದು ಬಿಡುವನ್ನು ಪ್ರಶಾಂತ್ ನೀಲ್ ಇನ್ನೂ ನಾಲ್ಕು ಕಡೆ ಕೊಟ್ಟಿದ್ದರೆ ಏನು ಹೋಗುತ್ತಿತ್ತು?

ಸದ್ದಿನ ವಿಷಯ ಬಂತಲ್ಲ, ಹೇಳಿಬಿಡುತ್ತೇನೆ. ಥಿಯೇಟರಿನ ಧ್ವನಿ ಯಂತ್ರದಲ್ಲಿ ಸೊನ್ನೆಯಿಂದ 10ರ ತನಕ ಗುರುತು ಇರುತ್ತದೆ. ಸ್ಟುಡಿಯೊದಲ್ಲಿ ಧ್ವನಿ ಹದ ಮಾಡುವುದು 7ಕ್ಕೆ ಲೆಕ್ಕ ಹಾಕಿ. ಚಿತ್ರ ತೀರಾ ಗದ್ದಲದ್ದಾದರೆ ಪ್ರೇಕ್ಷಕರು ಗೊಣಗುತ್ತಾರೆ, ಆಪರೇಟರ್ ಇಳಿಸುತ್ತಾನೆ. ಆಗ ಬಾಂಬು ಹಿತವಾಗಿ ಸಿಡಿಯುತ್ತದೆ, ಮಾತು ಮಾತ್ರ ಪಿಸುಗುಟ್ಟಿದ ಹಾಗೆ. ಮುಂದಿನ ಚಿತ್ರದವರು ಇನ್ನೂ ಜೋರು ಮಾಡುತ್ತಾರೆ, ಇವನು ಇನ್ನೂ ಇಳಿಸುತ್ತಾನೆ. ಇದು ಎಲ್ಲಿಗೆ ಮುಟ್ಟುತ್ತದೋ.

ಇಂಟರ್‌ವಲ್ ಇನ್ನೊಂದು ಸಂಕಟ. ನಮ್ಮ ಚಿತ್ರಗಳಲ್ಲಿ ಅದಕ್ಕೆಂದೇ ತಿರುವು ಕಟ್ಟಿರುತ್ತಾರೆ. ಹಾಲಿವುಡ್ಡಿನವರಿಗೆ ಆ ಪದ್ಧತಿ ಇಲ್ಲ, ಆದ್ದರಿಂದ ಇಲ್ಲಿ ಥಿಯೇಟರಿನವರೇ ಕತ್ತರಿ ಹಾಕುತ್ತಾರೆ. ನಾಯಕಿ ಬಾಯಿ ತೆರೆದು ಮುಖ್ಯವಾದದ್ದೇನೋ ಹೇಳಲು ಹೊರಟಾಗ ದೀಪ ಹತ್ತಿಕೊಳ್ಳುತ್ತದೆ. ಪಾಪ್‌ಕಾರ್ನ್ ಡಬ್ಬ ಹಿಡಿದು ಮೊಬೈಲ್ ಬೆಳಕಿನಲ್ಲಿ ಸೀಟು ಹುಡುಕುವ ಕುಟುಂಬ ದಾಟುವಷ್ಟರಲ್ಲಿ ಆಕೆ ಹೇಳಿ ಮುಗಿಸಿರುತ್ತಾಳೆ.

ಟಿಕೆಟ್ ದರದ ಬಗ್ಗೆ ಒಂದೇ ಮಾತು. 2025ರ ಸೆಪ್ಟೆಂಬರಿನಲ್ಲಿ ನಮ್ಮ ಸರ್ಕಾರ ತೆರಿಗೆ ಬಿಟ್ಟು 200 ರೂಪಾಯಿಯ ಮಿತಿ ಹಾಕಿತು. ಅದೇ ತಿಂಗಳು ಹೈಕೋರ್ಟಿನಿಂದ ಮಧ್ಯಂತರ ತಡೆಯೂ ಬಂತು. ದರ ಏರಿದಾಗಲೆಲ್ಲ ಮೊದಲು ಕೈಬಿಡುವವರು ಶಿಳ್ಳೆ ಹೊಡೆಯುವವರೇ, ಮತ್ತು ಅವರಿಲ್ಲದ ದೊಡ್ಡ ಚಿತ್ರ ನನಗೆ ಸಪ್ಪೆ.

ಹಾಗಾಗಿ ನಾನೊಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಶಿಳ್ಳೆಯ ಚಿತ್ರಕ್ಕೆ ಮೊದಲ ದಿನವೇ ಹೋಗುವುದು, ಸೀಟು ಮುಂದಿನ ಸಾಲಿನಲ್ಲಿ ಸಿಕ್ಕರೂ ಸರಿ. ಉಸಿರು ಹಿಡಿದು ನೋಡುವ ಚಿತ್ರಕ್ಕೆ ಸೋಮವಾರದ ಮ್ಯಾಟಿನಿ. ಜನ ಕಡಿಮೆ, ಟಿಕೆಟ್ಟೂ ಅಗ್ಗ. ಎರಡಕ್ಕೂ ಸ್ವಲ್ಪ ತಡವಾಗಿಯೇ ಒಳಗೆ ಹೋಗುತ್ತೇನೆ, ಯಾಕೆಂದರೆ ಮುಂದಿನ ಚಿತ್ರದ ಟ್ರೇಲರಿನಲ್ಲೇ ಅದರ ಕ್ಲೈಮ್ಯಾಕ್ಸ್ ತನಕ ಉಣಬಡಿಸಿಬಿಡುತ್ತಾರೆ. ಬಾಗಿಲ ಬಳಿ ಟಿಕೆಟ್ ನೋಡುವ ಹುಡುಗನಿಗೆ ಈಗ ನನ್ನ ಪರಿಚಯವಾಗಿದೆ. “ಇನ್ನೂ ಎರಡು ಟ್ರೇಲರ್ ಬಾಕಿ ಇವೆ ಸರ್, ಇಲ್ಲೇ ನಿಂತಿರಿ, ನಾನು ಹೇಳ್ತೀನಿ” ಅನ್ನುತ್ತಾನೆ.

ನಮಸ್ಕಾರ.