ಬುಟ್ಟಿಗೆ ಹೋಗುವುದನ್ನು ಬರೆದಿಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಈ ಹೊತ್ತಿನಲ್ಲಿ ನೀವು ಒಲೆಯ ಮುಂದೆ ನಿಂತೋ, ಒಣಗಿದ ಬಟ್ಟೆ ಮಡಚುತ್ತಲೋ ರೇಡಿಯೊ ಹಚ್ಚಿಕೊಂಡಿದ್ದೀರಿ ಅಂದುಕೊಂಡಿದ್ದೇನೆ. ಕೆಲಸ ನಿಲ್ಲಿಸಬೇಡಿ. ಕೈ ತನ್ನ ಪಾಡಿಗೆ ನಡೆಯಲಿ, ಕಿವಿಯೊಂದನ್ನು ನನಗೆ ಕೊಡಿ. ಮೊದಲು ಒಂದು ಪ್ರಶ್ನೆ. ನಿನ್ನೆ ನಿಮ್ಮ ಮನೆಯ ಕಸದ ಬುಟ್ಟಿಗೆ ಏನೇನು ಹೋಯಿತು?

ನೆನಪಾಗಲಿಲ್ಲ, ಅಲ್ಲವೇ? ನಿನ್ನೆ ಏನು ಕೊಂಡಿರಿ ಅಂತ ಕೇಳಿದ್ದರೆ ಥಟ್ಟನೆ ಹೇಳುತ್ತಿದ್ದಿರಿ. ಎಷ್ಟು ಕೊಟ್ಟಿರಿ, ಎಲ್ಲಿ ಚೌಕಾಸಿ ಮಾಡಿದಿರಿ, ಎಲ್ಲವೂ ನಾಲಿಗೆಯ ತುದಿಯಲ್ಲೇ ಇರುತ್ತದೆ. ಒಳಗೆ ಬಂದದ್ದಕ್ಕೆ ಲೆಕ್ಕ ಇದೆ, ಹೊರಗೆ ಹೋದದ್ದಕ್ಕೆ ಇಲ್ಲ. ಮೂವತ್ತು ವರ್ಷ ಗೃಹವಿಜ್ಞಾನ ಪಾಠ ಮಾಡಿದವಳು ನಾನು. ಮನೆಖರ್ಚು ಇಳಿಸುವುದು ಹೇಗೆ ಅಂತ ಯಾರಾದರೂ ಕೇಳಿದರೆ ಮೊದಲೆಲ್ಲ ನೂರೆಂಟು ಉಪಾಯ ಹೇಳುತ್ತಿದ್ದೆ. ಈಗ ಒಂದೇ ಹೇಳುತ್ತೇನೆ. ಬುಟ್ಟಿಗೆ ಹೋಗುವುದನ್ನು ಬರೆದಿಡಿ.

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದವರು 2024ರಲ್ಲಿ ಒಂದು ವರದಿ ಹೊರತಂದರು. 2022ರಲ್ಲಿ ಇಡೀ ಜಗತ್ತಿನಲ್ಲಿ 105 ಕೋಟಿ ಟನ್ ಆಹಾರ ಕಸವಾಯಿತು ಅನ್ನುತ್ತದೆ ಅದು, ಸಿಪ್ಪೆ ಬೀಜವೆಲ್ಲ ಸೇರಿ. ಹೋಟೆಲಿನವರು, ಅಂಗಡಿಯವರು ಅಂತ ಬೆರಳು ತೋರಿಸುವ ಮುಂಚೆ ಇದನ್ನೂ ಕೇಳಿಬಿಡಿ: ಅದರಲ್ಲಿ ನೂರಕ್ಕೆ 60 ಪಾಲು ಮನೆಗಳದ್ದು. ತಲೆಗೆ ವರ್ಷಕ್ಕೆ 79 ಕಿಲೋ. ನಾಲ್ಕು ಜನರ ಸಂಸಾರಕ್ಕೆ 300 ಕಿಲೋ ದಾಟಿತು. ಅಷ್ಟನ್ನೂ ಯಾರೋ ದುಡ್ಡು ಕೊಟ್ಟು ತಂದಿದ್ದರು, ಹೊತ್ತು ತಂದಿದ್ದರು.

ನನ್ನದೇ ಮನೆಯ ಕತೆ ಹೇಳುತ್ತೇನೆ. ಆಗ ಕಾಲೇಜಿನಲ್ಲಿ ಕುಟುಂಬದ ಆಯವ್ಯಯ ಪಾಠ ನಡೆಯುತ್ತಿತ್ತು. ಹಲಗೆಯ ಮೇಲೆ ಗೆರೆ ಎಳೆದು, ಇಷ್ಟು ಪಾಲು ಊಟಕ್ಕೆ, ಇಷ್ಟು ಬಟ್ಟೆಗೆ, ಇಷ್ಟು ಉಳಿತಾಯಕ್ಕೆ ಅಂತ ಗಂಭೀರವಾಗಿ ಬರೆಯುತ್ತಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಮೇಡಂ, ಎಸೆಯೋದಕ್ಕೆ ಎಷ್ಟು ಪಾಲು?" ಅಂದಳು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಮನೆ ತಲುಪುವ ತನಕ ಆ ಮಾತು ಚಪ್ಪಲಿಯೊಳಗೆ ಸಿಕ್ಕ ಕಲ್ಲಿನ ಹಾಗೆ ಚುಚ್ಚುತ್ತಲೇ ಇತ್ತು.

ಅವತ್ತೇ ಸಂಜೆ ಒಂದು ಹಳೆಯ ನೋಟ್‌ಬುಕ್ ಹುಡುಕಿ, ಕಸದ ಬುಟ್ಟಿಯ ಮೇಲಿನ ಗೋಡೆಗೆ ಮೊಳೆ ಹೊಡೆದು ನೇತುಹಾಕಿದೆ. ಪಕ್ಕದಲ್ಲಿ ದಾರ ಕಟ್ಟಿದ ಪೆನ್ಸಿಲ್. ಮೂರು ಕಲಮು: ಏನು, ಎಷ್ಟು, ಯಾಕೆ. ಒಂದು ತಿಂಗಳು ಈ ಮನೆಯಲ್ಲಿ ಯಾರು ಏನು ಎಸೆದರೂ ಮೊದಲು ಬರೆದು ಆಮೇಲೆ ಎಸೆಯಬೇಕು ಅಂತ ಅಪ್ಪಣೆ ಹೊರಡಿಸಿದೆ.

ಮೊದಲ ಸಾಲು ಬರೆದವರು ನಮ್ಮ ಯಜಮಾನರು. ಏನು? ಪೆನ್ಸಿಲ್ ಚೂಪು ಮಾಡಿದ ಪುಡಿ. ಎಷ್ಟು? ಒಂದು ಚಿಟಿಕೆ. ಯಾಕೆ? "ಈ ಪುಸ್ತಕದಲ್ಲಿ ಬರೆಯುವ ಸಲುವಾಗಿ." ಸಹಕಾರ ಅಂದರೆ ಹೀಗಿರಬೇಕು ನೋಡಿ.

ಅತ್ತೆಯವರು ಪುಸ್ತಕ ಮುಟ್ಟಲೇ ಇಲ್ಲ. "ನಾನು ಎಸೆಯೋಳೇ ಅಲ್ಲ, ನನಗ್ಯಾಕೆ ಅದು" ಅಂದರು. ಮೂರನೆಯ ದಿನ ನೋಡುತ್ತೇನೆ, ಹಿತ್ತಿಲಿನಲ್ಲಿ ಗಿಡದ ಬುಡ ಕೆದರಿ ಏನನ್ನೋ ಮುಚ್ಚುತ್ತಿದ್ದಾರೆ. ಏನತ್ತೆ ಅಂದರೆ, "ಗೊಬ್ಬರ." ಹತ್ತಿರ ಹೋಗಿ ನೋಡಿದರೆ ಆ ಗೊಬ್ಬರ ಮೊಳಕೆ ಬಂದು ಮೆತ್ತಗಾದ ಆರು ಆಲೂಗಡ್ಡೆ! ಈರುಳ್ಳಿಯ ಜೊತೆ ಒಂದೇ ಬುಟ್ಟಿಯಲ್ಲಿ ಒಲೆಯ ಪಕ್ಕದಲ್ಲಿಟ್ಟು ನಾನೇ ಹಾಳು ಮಾಡಿದ್ದೆ. ಆಲೂಗಡ್ಡೆಗೆ ತಂಪು ಬೇಕು, ಕತ್ತಲೆ ಬೇಕು, ಗಾಳಿ ಬೇಕು. ಇದನ್ನು ವರ್ಷಾ ವರ್ಷ ಪಾಠ ಮಾಡಿದವಳೂ ನಾನೇ.

ಮಗ ಬರೆದದ್ದು ಇನ್ನೊಂದು ಬಗೆ. "ಅಮ್ಮ ಪ್ರಯೋಗ ಮಾಡಿದ ಹೊಸ ರುಚಿ, ಒಂದು ಡಬ್ಬಿ." ಯಾಕೆ ಅನ್ನುವ ಕಲಮಿನಲ್ಲಿ: "ಎಲ್ಲರಿಗೂ ಗೊತ್ತು."

ತಿಂಗಳು ಮುಗಿಯಿತು. ಊಟವಾದ ಮೇಲೆ ಎಲ್ಲರನ್ನೂ ಕೂರಿಸಿಕೊಂಡು ಪುಸ್ತಕ ಓದಿದೆ. ಯಾರ ಬಂಡವಾಳ ಬಯಲಾಗುತ್ತದೋ ನೋಡೋಣ ಅನ್ನುವ ಹುರುಪು ನನಗೆ. ಮೊದಲ ಗುರುವಾರ, ನನ್ನ ಕೈಬರಹ: "ಸೊಪ್ಪು, ಅರ್ಧ ಕಟ್ಟು, ಕೊಳೆತಿದೆ." ಎರಡನೆಯ ಗುರುವಾರ, ನನ್ನದೇ ಬರಹ: "ಸೊಪ್ಪು, ಅರ್ಧ ಕಟ್ಟು, ಕೊಳೆತಿದೆ." ಮೂರನೆಯ ವಾರ ಮಗ ಬರೆದಿದ್ದ, ಅದೂ ಸೊಪ್ಪೇ. ನಾಲ್ಕನೆಯ ಗುರುವಾರ ಯಜಮಾನರ ದುಂಡು ಅಕ್ಷರದಲ್ಲಿ ಎರಡೇ ಪದ: "ಸೊಪ್ಪು. ಎಂದಿನಂತೆ."

ಸೊಪ್ಪು ತರುವವಳು ಯಾರು? ನಾನು. ವಾರಕ್ಕೆ ಅರ್ಧ ಕಟ್ಟು ಅಂದರೆ ವರ್ಷಕ್ಕೆ 26 ಕಟ್ಟು. ದುಡ್ಡು ಕೊಟ್ಟು ತಂದು, ಸೋಸಿ, ತೊಳೆದು, ಕರೆಂಟು ಖರ್ಚು ಮಾಡಿ ಐದು ದಿನ ತಣ್ಣಗೆ ಕಾಪಾಡಿ, ಆಮೇಲೆ ಎಸೆಯುತ್ತಿದ್ದೆ. ತಂದ ದಿನವೇ ಎಸೆದಿದ್ದರೆ ತೊಳೆಯುವ ಶ್ರಮವಾದರೂ ಉಳಿಯುತ್ತಿತ್ತು!

ಯಾಕೆ ಹೀಗೆ ಅಂತ ಹುಡುಕಿಕೊಟ್ಟವರು, ಪುಸ್ತಕ ಮುಟ್ಟದ ಅತ್ತೆಯವರೇ. ಫ್ರಿಜ್ಜಿನ ಬಾಗಿಲು ತೆಗೆದು ತೋರಿಸಿದರು. ಕಣ್ಣಿನ ನೇರಕ್ಕೆ ಸಾಸಿನ ಬಾಟಲಿಗಳು, ತಿಂಗಳುಗಟ್ಟಲೆ ಕೆಡದಂಥವು. ನಾಳೆಯೇ ಕೆಡುವ ಸೊಪ್ಪು ಮಾತ್ರ ಕೆಳಗಿನ ಡ್ರಾಯರಿನಲ್ಲಿ, ನೀರು ಸೋರುತ್ತಿದ್ದ ಹಾಗೇ, ಪ್ಲಾಸ್ಟಿಕ್ ಕವರಿನೊಳಗೆ ಗಂಟು ಹಾಕಿಸಿಕೊಂಡು ಕೂತಿತ್ತು. "ಕಣ್ಣಿಗೆ ಕಾಣದ್ದು ಬಾಣಲೆಗೆ ಹ್ಯಾಗೆ ಬೀಳುತ್ತೆ?" ಅಂದರು. ಬಾಟಲಿಗಳನ್ನು ಕೆಳಕ್ಕೆ ಇಳಿಸಿದೆವು. ಸೊಪ್ಪಿನ ನೀರು ಪೂರ್ತಿ ಆರಿಸಿ, ಒಣ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ, ಒಳಗಿನದು ಕಾಣುವ ಡಬ್ಬಿಯಲ್ಲಿ ಹಾಕಿ ಮೇಲಕ್ಕೆ ಏರಿಸಿದೆವು. ಮುಂದಿನ ತಿಂಗಳ ಪುಸ್ತಕದಲ್ಲಿ ಸೊಪ್ಪಿನ ಹೆಸರಿಲ್ಲ. ಇಷ್ಟಕ್ಕೂ ನಾವು ಖರ್ಚು ಮಾಡಿದ್ದು ಏನು? ಒಂದು ಪೆನ್ಸಿಲ್.

ಕತೆ ಉದ್ದವಾಯಿತು, ಗೊತ್ತು. ಐದು ಅಂಶ ಹೇಳಿ ಅಂತ ನನಗೆ ಚೀಟಿ ಕೊಟ್ಟಿದ್ದಾರೆ, ಇನ್ನೂ ಒಂದನೆಯದರಲ್ಲೇ ಇದ್ದೇನೆ. ಆದರೆ ಉಳಿದ ನಾಲ್ಕೂ ಇದರ ಹೊಟ್ಟೆಯಿಂದಲೇ ಹುಟ್ಟುತ್ತವೆ. ಬರೆಯದೆ ಇದ್ದರೆ ನಿಮ್ಮ ಮನೆಯ ಸೊಪ್ಪು ಯಾವುದು ಅಂತ ನಿಮಗೆ ಗೊತ್ತೇ ಆಗುವುದಿಲ್ಲ. ಒಬ್ಬರ ಮನೆಯಲ್ಲಿ ಅದು ಬ್ರೆಡ್ಡಿನ ಕೊನೆಯ ನಾಲ್ಕು ತುಂಡು, ಇನ್ನೊಬ್ಬರಲ್ಲಿ ಅರ್ಧಕ್ಕೆ ಬಿಟ್ಟ ಶಾಂಪೂ ಬಾಟಲಿ, ಮತ್ತೊಬ್ಬರಲ್ಲಿ ಮಕ್ಕಳು ಒಂದೇ ಕಡಿತ ಕಡಿದು ಇಟ್ಟ ಹಣ್ಣು. "ಬರೆಯಲು ಪುರುಸೊತ್ತಿಲ್ಲ" ಅನ್ನುವವರಿಗೆ ನನ್ನದು ಒಂದೇ ಉತ್ತರ: ಒಂದು ಸಾಲಿಗೆ ಹತ್ತು ಸೆಕೆಂಡು. ಆ ಸಾಮಾನು ಕೊಳ್ಳಲು ಸರದಿಯಲ್ಲಿ ಎಷ್ಟು ಹೊತ್ತು ನಿಂತಿದ್ದಿರಿ?

ಈಗ ದೊಡ್ಡ ಪ್ಯಾಕೆಟ್ಟಿನ ವಿಷಯ. ದೊಡ್ಡದು ಕೊಂಡರೆ ಅಗ್ಗ ಅನ್ನುವುದು ಖಾಲಿಯಾಗುವ ತನಕ ಬಳಸಿದವರಿಗೆ ಮಾತ್ರ ನಿಜ. ತಂದದ್ದರಲ್ಲಿ ಕಾಲು ಭಾಗ ಎಸೆದಿರಿ ಅಂದರೆ, ಉಳಿದ ಮುಕ್ಕಾಲಿಗೆ ನೀವು ಮೂರನೇ ಒಂದು ಭಾಗ ಹೆಚ್ಚು ಬೆಲೆ ಕೊಟ್ಟ ಹಾಗೆ. ನೂರಕ್ಕೆ ಹತ್ತು ರಿಯಾಯಿತಿ ಸಿಕ್ಕಿತು ಅಂತ ಖುಷಿಪಟ್ಟವರು ನೂರಕ್ಕೆ ಇಪ್ಪತ್ತು ದಂಡ ಕಟ್ಟಿ ಬರುತ್ತಾರೆ. ಒಂದು ಕೊಂಡರೆ ಒಂದು ಉಚಿತ ಅನ್ನುವುದೂ ಅಷ್ಟೇ, ಎರಡನೆಯದು ಬುಟ್ಟಿಗೆ ಹೋದರೆ ಉಚಿತವಾಗಿ ಸಿಕ್ಕಿದ್ದು ಕಸ. ಅಂಗಡಿಗೆ ಹೊರಡುವಾಗ ಹಿಂದಿನ ವಾರದ ಬುಟ್ಟಿಪುಸ್ತಕದ ಪುಟವನ್ನು ಫೋನಿನಲ್ಲಿ ಫೋಟೊ ತೆಗೆದುಕೊಂಡು ಹೋಗಿ. ಏನು ಕೊಳ್ಳಬೇಕು ಅನ್ನುವ ಪಟ್ಟಿಗಿಂತ ಏನು ಎಸೆದೆವು ಅನ್ನುವ ಪಟ್ಟಿ ನಿಮ್ಮ ಕೈ ಹಿಡಿಯುತ್ತದೆ.

ಪ್ಯಾಕೆಟ್ಟಿನ ಮೇಲಿನ ದಿನಾಂಕದ ಬಗ್ಗೆ ಒಂದು ಮಾತು. "ಈ ದಿನದವರೆಗೆ ಅತ್ಯುತ್ತಮ" ಅಂತ ಇದ್ದರೆ ಅದು ರುಚಿ, ಗರಿಗರಿಯ ಮಾತು. ಮಾರನೆಯ ಬೆಳಿಗ್ಗೆ ಬಿಸ್ಕತ್ತು ವಿಷವಾಗುವುದಿಲ್ಲ. "ಈ ದಿನದೊಳಗೆ ಬಳಸಿ" ಅಂತ ಇದ್ದರೆ ಮಾತ್ರ ಅದು ಆರೋಗ್ಯದ ಮಾತು, ಅಲ್ಲಿ ಉಳಿತಾಯ ಮಾಡಲು ಹೋಗಬೇಡಿ. ಎರಡೂ ಒಂದೇ ಅಂದುಕೊಂಡು ಡಬ್ಬಿಗಟ್ಟಲೆ ಎಸೆಯುವವರನ್ನು ಕಂಡರೆ ನನಗೆ, ಹೇಳಿಬಿಡುತ್ತೇನೆ, ಸಿಟ್ಟೇ ಬರುತ್ತದೆ.

ಇನ್ನು ಬುಟ್ಟಿಗೆ ಬೀಳದ ಕಸ. ಅದನ್ನೂ ಬರೆಯಬೇಕು, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಮುಚ್ಚಳವಿಲ್ಲದೆ ಕುದಿಯುವ ಪಾತ್ರೆಯ ಹಬೆ ನೋಡಿ. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಯುವ ತನಕ ಕಾಯಿಸಲು ಎಷ್ಟು ಶಾಖ ಬೇಕೋ, ಅದೇ ನೀರನ್ನು ಪೂರ್ತಿ ಆವಿಯಾಗಿಸಲು ಅದರ 7 ಪಟ್ಟು ಬೇಕು. ಮೇಲೆದ್ದು ಹೋಗುವ ಹಬೆಯೆಲ್ಲ ನೀವು ದುಡ್ಡು ಕೊಟ್ಟು ತಂದ ಇಂಧನವೇ. ಇನ್ನೊಂದು, ಕುದಿ ಬಂದ ಮೇಲೂ ಉರಿ ಜೋರಾಗಿಯೇ ಬಿಡುವವರಿದ್ದಾರೆ. ತೆರೆದ ಪಾತ್ರೆಯಲ್ಲಿ ಕುದಿಯುವ ನೀರು 100 ಡಿಗ್ರಿ. ಉರಿ ಎಷ್ಟೇ ಏರಿಸಿ, ಅಷ್ಟೇ. ತರಕಾರಿ ಬೇಗ ಬೇಯುವುದಿಲ್ಲ, ನೀರು ಬೇಗ ಇಂಗುತ್ತದೆ. ಕುಕ್ಕರಿನೊಳಗೆ ಒತ್ತಡ ಇರುವುದರಿಂದ ನೀರು ಸುಮಾರು 120 ಡಿಗ್ರಿಗೆ ಏರುತ್ತದೆ, ಬೇಗ ಬೇಯುವುದು ಅದಕ್ಕೇ. ಹಾಗಾಗಿ ಕುದಿ ಬಂತೋ, ಉರಿ ಸಣ್ಣದು ಮಾಡಿ, ಮುಚ್ಚಳ ಮುಚ್ಚಿ.

ವಿದ್ಯುತ್ತಿನದು ಬೇಗ ಹೇಳುತ್ತೇನೆ. ಮಕ್ಕಳು ದೀಪ ಆರಿಸಲಿಲ್ಲ ಅಂತ ದಿನವೂ ಗದರುತ್ತೀರಲ್ಲ, ಲೆಕ್ಕ ಕೇಳಿ. 9 ವ್ಯಾಟಿನ ಎಲ್‌ಇಡಿ ಬಲ್ಬು ಒಂದು ಯೂನಿಟ್ಟಿನಲ್ಲಿ 111 ಗಂಟೆ ಉರಿಯುತ್ತದೆ. 2000 ವ್ಯಾಟಿನ ನೀರು ಕಾಯಿಸುವ ಹೀಟರು ಅದೇ ಒಂದು ಯೂನಿಟ್ಟನ್ನು ಅರ್ಧ ಗಂಟೆಯಲ್ಲಿ ನುಂಗುತ್ತದೆ. ಹೀಟರು ಹಾಕಿ ಫೋನಿನಲ್ಲಿ ಹದಿನೈದು ನಿಮಿಷ ಜಾಸ್ತಿ ಮಾತಾಡಿದಿರಿ ಅಂದರೆ, ಆ ಮಗು ಎರಡು ದಿನಕ್ಕೂ ಮಿಕ್ಕಿ ದೀಪ ಉರಿಸಬಹುದಿತ್ತು. ಬಿಲ್ಲನ್ನು ಏರಿಸುವುದು ಬಿಸಿ ಮಾಡುವ, ತಣ್ಣಗೆ ಮಾಡುವ ಯಂತ್ರಗಳು. ಗದರುವುದಾದರೆ ಮೊದಲು ಅವುಗಳ ಮುಂದೆ ನಿಂತು ಗದರಿ. ದೀಪ ಆರಿಸಬೇಡಿ ಅಂತಲ್ಲ, ಆರಿಸಿ, ಆದರೆ ಅದನ್ನೇ ದೊಡ್ಡದು ಮಾಡಬೇಡಿ. ಹಳೆಯ ತಂತಿಬಲ್ಬು ಎಲ್ಲಾದರೂ ಉಳಿದಿದ್ದರೆ ಮಾತ್ರ ಇವತ್ತೇ ತೆಗೆಯಿರಿ. ಅದು ತೆಗೆದುಕೊಂಡದ್ದರಲ್ಲಿ ಹತ್ತಕ್ಕೆ ಒಂಬತ್ತು ಪಾಲು ಬೆಳಕಾಗದೆ ಬಿಸಿಯಾಗಿಯೇ ಹೋಗುತ್ತದೆ.

ಬಟ್ಟೆ ಸೋಪಿನ ಪುಡಿಯ ವಿಷಯ ಹೇಳಬೇಕೆಂದಿದ್ದೆ. ಗಾಜಿನ ಆಚೆ ಕೂತವರು ಎರಡು ಬೆರಳು ತೋರಿಸುತ್ತಿದ್ದಾರೆ. ಎರಡು ನಿಮಿಷ. ಪುಡಿ ಜಾಸ್ತಿ ಹಾಕಿದರೆ ಬಟ್ಟೆ ಜಾಸ್ತಿ ಶುಭ್ರವಾಗುವುದಿಲ್ಲ, ಜಾಲಿಸಲು ನೀರು ಜಾಸ್ತಿ ಬೇಕಾಗುತ್ತದೆ. ಅಷ್ಟು ಸಾಕು.

ಕೊನೆಯದು ನೀರು. ತೊಟ್ಟಿಕ್ಕುವ ನಲ್ಲಿ, ಸೆಕೆಂಡಿಗೆ ಒಂದೇ ಹನಿ ಅಂದುಕೊಳ್ಳಿ. ದಿನಕ್ಕೆ 86,400 ಸೆಕೆಂಡು, ಅಷ್ಟೇ ಹನಿ. ಸುಮಾರು 20 ಹನಿಗೆ ಒಂದು ಮಿಲಿಲೀಟರ್, ಅಂದರೆ ದಿನಕ್ಕೆ 4 ಲೀಟರಿಗೂ ಹೆಚ್ಚು, ವರ್ಷಕ್ಕೆ 1500 ಲೀಟರ್ ದಾಟುತ್ತದೆ. ನಲ್ಲಿಯದು ಟಪ್ ಟಪ್ ಅಂತ ಕೇಳಿಸುತ್ತದೆ. ಸದ್ದಿಲ್ಲದೆ ಸೋರುವುದು ಶೌಚಾಲಯದ ಫ್ಲಶ್ ಟ್ಯಾಂಕು. ಅದನ್ನು ಹಿಡಿಯುವುದು ಹೀಗೆ: ಇವತ್ತು ರಾತ್ರಿ ಎಲ್ಲರೂ ಮಲಗುವ ಹೊತ್ತಿಗೆ, ತಿನಿಸಿಗೆ ಹಾಕುವ ಬಣ್ಣದ ನಾಲ್ಕು ಹನಿಯನ್ನು ಟ್ಯಾಂಕಿನ ನೀರಿಗೆ ಹಾಕಿ, ಫ್ಲಶ್ ಮಾಡದೆ ಅರ್ಧ ಗಂಟೆ ಕಾಯಿರಿ. ಕೆಳಗಿನ ನೀರಿನಲ್ಲಿ ಬಣ್ಣ ಕಂಡಿತೋ, ಒಳಗಿನ ರಬ್ಬರು ಸವೆದಿದೆ. ಬೆಳಿಗ್ಗೆ ಅದನ್ನು ಬದಲಾಯಿಸಿ, ಹಳೆಯದನ್ನು ಎಸೆಯುವ ಮುಂಚೆ ಪುಸ್ತಕದಲ್ಲಿ ಬರೆಯಿರಿ.

ಕೈ ಎತ್ತಿದ್ದಾರೆ, ಹೊರಡುತ್ತೇನೆ. ನಮಸ್ಕಾರ.