ಎಸಿ ಗ್ಯಾಸ್ ಮುಗಿಯುವುದಿಲ್ಲ, ಸೋರುತ್ತದೆ

ನಮಸ್ಕಾರ ಕೇಳುಗರೇ. ಬೇಸಿಗೆ ಶುರುವಾಯಿತು ಅಂದರೆ ಎಸಿ ಮೆಕ್ಯಾನಿಕ್‌ಗಳ ಫೋನಿಗೆ ಬಿಡುವೇ ಇರುವುದಿಲ್ಲ. ರಾಯಚೂರಾಗಲಿ, ಮಂಗಳೂರಾಗಲಿ, ಕರೆ ಮಾಡಿದವರು ಹೇಳುವುದು ಒಂದೇ ಮಾತು, "ಕೂಲಿಂಗ್ ಬರ್ತಿಲ್ಲ, ಸ್ವಲ್ಪ ಗ್ಯಾಸ್ ತುಂಬಿಸಿಬಿಡಿ." ವರ್ಷಕ್ಕೊಮ್ಮೆ ಗ್ಯಾಸ್ ತುಂಬಿಸಲೇಬೇಕು ಅಂತ ನಂಬಿದವರೂ ಇದ್ದಾರೆ. ಹಾಗೇನಿಲ್ಲ. ಅದು ಸ್ಕೂಟರಿನ ಪೆಟ್ರೋಲಿನಂತೆ ಉರಿದು ಮುಗಿಯುವುದಲ್ಲ. ಮುಚ್ಚಿದ ಪೈಪಿನೊಳಗೆ ಅದೇ ಗ್ಯಾಸು ಒಮ್ಮೆ ದ್ರವವಾಗಿ, ಒಮ್ಮೆ ಆವಿಯಾಗಿ ಸುತ್ತುತ್ತಲೇ ಇರುತ್ತದೆ. ಕಮ್ಮಿಯಾಗಿದೆ ಅಂದರೆ ಎಲ್ಲೋ ಸೋರಿದೆ, ಇಲ್ಲವೇ ಕೂರಿಸಿದಾಗಲೇ ಸರಿಯಾಗಿ ಹಾಕಿಲ್ಲ.

ಗ್ಯಾಸನ್ನು ದೂರುವ ಮೊದಲು ಫಿಲ್ಟರ್ ತೆಗೆದು ತೊಳೆಯಿರಿ. ಔಟ್‌ಡೋರ್ ಯೂನಿಟ್ಟಿಗೆ ಧೂಳು ಮೆತ್ತಿಕೊಂಡಿದೆಯಾ ನೋಡಿ. ಪೈಪಿನ ಮೇಲೆ ಐಸ್ ಕಟ್ಟಿದರೆ ಗ್ಯಾಸ್ ಕಮ್ಮಿ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಫಿಲ್ಟರ್ ಕಟ್ಟಿಕೊಂಡು ಗಾಳಿ ಓಡದಿದ್ದರೂ ಐಸ್ ಕಟ್ಟುತ್ತದೆ. ಸಾಮಾನ್ಯವಾಗಿ ಗ್ಯಾಸ್ ಕಮ್ಮಿಯಾದಾಗ ಐಸು ಸಣ್ಣ ಪೈಪಿನ ಕಡೆಯಿಂದ ಶುರುವಾಗಿ ಕಾಯಿಲ್‌ನ, ಅಂದರೆ ಒಳಗಿನ ಯೂನಿಟ್ಟಿನಲ್ಲಿ ಗಾಳಿ ತಣ್ಣಗಾಗಿಸುವ ಸುರುಳಿ ಪೈಪಿನ, ಒಂದು ಭಾಗಕ್ಕೆ ನಿಲ್ಲುತ್ತದೆ. ಗಾಳಿಯ ತೊಂದರೆಯಾದರೆ ಇಡೀ ಕಾಯಿಲ್ ಬೆಳ್ಳಗಾಗುತ್ತದೆ, ದಪ್ಪ ಪೈಪಿಗೂ ಹಬ್ಬುತ್ತದೆ.

ಇನ್ನು ಗೇಜ್, ಅಂದರೆ ಪ್ರೆಷರ್ ಅಳೆಯುವ ಮೀಟರಿನ ವಿಷಯ. ಎಸಿ ನಿಂತಿರುವಾಗ ಗೇಜ್ ಹಾಕಿ "ಪ್ರೆಷರ್ ಚೆನ್ನಾಗಿದೆ, ಗ್ಯಾಸ್ ಫುಲ್ ಇದೆ" ಅಂದರೆ ನಂಬಬೇಡಿ. ಒಳಗೆ ಸ್ವಲ್ಪ ದ್ರವ ಉಳಿದಿದ್ದರೂ ಸಾಕು, ಆ ಹೊತ್ತಿನ ಬಿಸಿಲಿಗೆ ತಕ್ಕ ಪ್ರೆಷರ್ರೇ ಕಾಣುತ್ತದೆ. ಎಸಿಗೆ ಹಾಕುವ ಗ್ಯಾಸಿನಲ್ಲಿ ಆರ್-22, ಆರ್-32, ಆರ್-410ಎ ಅಂತ ಬೇರೆ ಬೇರೆ ಬಗೆಗಳಿವೆ. 30 ಡಿಗ್ರಿಯಲ್ಲಿ ಆರ್-32 ಗ್ಯಾಸು ಸುಮಾರು 260 ಪಿಎಸ್‌ಐ ತೋರಿಸುತ್ತದೆ, ಪಿಎಸ್‌ಐ ಅಂದರೆ ಪ್ರೆಷರ್ ಅಳತೆ. ಅರ್ಧ ಇದ್ದರೂ ಅಷ್ಟೇ, ಪೂರ್ತಿ ಇದ್ದರೂ ಅಷ್ಟೇ. ಓಡುವಾಗ ನೋಡಿದರೆ ಒಂದಿಷ್ಟು ಗೊತ್ತಾಗುತ್ತದೆ. ಹಳೆಯ ಆರ್-22 ಯಂತ್ರಗಳಲ್ಲಿ ದಪ್ಪ ಪೈಪಿನ ಕಡೆ 60ರಿಂದ 70 ಇರುತ್ತಿತ್ತು, ಆರ್-32 ಮತ್ತು ಆರ್-410ಎಯಲ್ಲಿ ಅದು 110 ದಾಟುತ್ತದೆ. ಆದರೆ ಇನ್ವರ್ಟರ್ ಎಸಿಯಲ್ಲಿ ಕಂಪ್ರೆಸರ್ ವೇಗ ತಾನೇ ಏರಿಳಿಯುವುದರಿಂದ ಮುಳ್ಳೂ ಅದರ ಜೊತೆ ಕುಣಿಯುತ್ತದೆ. ಅದನ್ನು ನೋಡಿಕೊಂಡು "ಇನ್ನೊಂಚೂರು, ಇನ್ನೊಂಚೂರು" ಅಂತ ಗ್ಯಾಸ್ ಬಿಡುವುದು ನನ್ನ ಮಟ್ಟಿಗೆ ಕೆಲಸವೇ ಅಲ್ಲ.

ಹಾಗಾದರೆ ಸರಿಯಾಗಿ ಹಾಕುವುದು ಹೇಗೆ? ತೂಕ ಮಾಡಿ. ಔಟ್‌ಡೋರ್ ಯೂನಿಟ್ಟಿನ ಮೇಲೆ ಯಾವ ಗ್ಯಾಸು, ಎಷ್ಟು ಅಂತ ಬರೆದಿರುತ್ತದೆ, ಅದನ್ನು ಮೊದಲು ಓದಿ. ಮೊದಲು ಉಳಿದ ಗ್ಯಾಸನ್ನು ಗಾಳಿಗೆ ಬಿಡದೆ ರಿಕವರಿ ಸಿಲಿಂಡರಿಗೆ ಎಳೆದುಕೊಳ್ಳಬೇಕು. ಆಮೇಲೆ ನೈಟ್ರೋಜನ್ ತುಂಬಿ ಪ್ರೆಷರ್ ಇಳಿಯುತ್ತಾ ನೋಡಬೇಕು, ಪೈಪು ಜೋಡಿಸುವ ಫ್ಲೇರ್ ನಟ್ಟುಗಳಿಗೆಲ್ಲ ಸೋಪಿನ ನೊರೆ ಹಚ್ಚಬೇಕು. ಗುಳ್ಳೆ ಬಂದಲ್ಲಿ ಲೀಕ್. ನೈಟ್ರೋಜನ್ ಬದಲಿಗೆ ಆಕ್ಸಿಜನ್ ಸಿಲಿಂಡರ್ ತಗಲಿಸಬಾರದು, ಒಳಗಿನ ಎಣ್ಣೆಯ ಜೊತೆ ಸೇರಿದರೆ ಸ್ಫೋಟವಾಗುತ್ತದೆ. ಮಂಗಳೂರು, ಕಾರವಾರದ ಕಡೆ ಉಪ್ಪುಗಾಳಿಗೆ ಕಾಯಿಲೇ ತಿಂದುಹೋಗಿರುತ್ತದೆ, ಅಲ್ಲಿ ಬರೀ ನಟ್ ಬಿಗಿ ಮಾಡಿದರೆ ಆಗುವುದಿಲ್ಲ. ಲೀಕ್ ಸರಿಮಾಡಿದ ಮೇಲೆ ವ್ಯಾಕ್ಯೂಮ್ ಪಂಪಿನಿಂದ ಗಾಳಿ, ತೇವ ಎಲ್ಲ ಹೊರಗೆಳೆಯಬೇಕು, ಒಳಗೆ ಉಳಿದ ಪ್ರೆಷರ್ ವ್ಯಾಕ್ಯೂಮ್ ಮೀಟರಿನಲ್ಲಿ 500 ಮೈಕ್ರಾನ್‌ಗಿಂತ ಕೆಳಗೆ ಬಂದು ಅಲ್ಲೇ ನಿಲ್ಲಬೇಕು. ನಂತರ ಸಿಲಿಂಡರನ್ನು ಡಿಜಿಟಲ್ ತಕ್ಕಡಿಯ ಮೇಲಿಟ್ಟು ಬರೆದಷ್ಟು ಗ್ರಾಮು ಹಾಕಬೇಕು. ಪೈಪ್ ಜಾಸ್ತಿ ಉದ್ದ ಎಳೆದಿದ್ದರೆ ಮೀಟರಿಗೆ ಇಷ್ಟು ಗ್ರಾಮು ಸೇರಿಸಿ ಅಂತ ಕಂಪನಿಯ ಪುಸ್ತಕದಲ್ಲೇ ಇರುತ್ತದೆ.

ಆರ್-410ಎ ಎರಡು ಗ್ಯಾಸುಗಳ ಮಿಶ್ರಣ, ಅದನ್ನು ದ್ರವವಾಗಿಯೇ ಹಾಕಬೇಕು. ಆರ್-32 ಒಂದೇ ಗ್ಯಾಸು, ಆದರೆ ಬೆಂಕಿ ಹಿಡಿಯುವ ಗುಣ ಸ್ವಲ್ಪ ಇದೆ, ಹಾಗಾಗಿ ಕಿಟಕಿ ತೆಗೆದಿರಲಿ, ಗ್ಯಾಸ್ ಇರುವಾಗ ಪೈಪಿಗೆ ಬೆಸುಗೆ ಬೇಡ. ಆರ್-22 ಯಂತ್ರಕ್ಕೆ ಆರ್-32 ಅಂತೂ ಹಾಕಲೇಬಾರದು. 2025ರಿಂದ ನಮ್ಮ ದೇಶದಲ್ಲಿ ಹೊಸ ಎಸಿ ತಯಾರಿಕೆಗೆ ಆರ್-22 ಬಳಸುವಂತಿಲ್ಲ, ಹಳೆಯದಿದ್ದವರು ಅದನ್ನು ನೆನಪಿಡಿ.

ಜಾಸ್ತಿ ಹಾಕಿದರೆ ಇನ್ನೂ ತಣ್ಣಗಾಗುತ್ತೆ ಅಲ್ವಾ ಅಂತ ಕೇಳುವವರಿದ್ದಾರೆ. ಆಗಲ್ಲ. ಪ್ರೆಷರ್ ಏರುತ್ತದೆ, ಕರೆಂಟ್ ಜಾಸ್ತಿ ಎಳೆಯುತ್ತದೆ, ದ್ರವ ಕಂಪ್ರೆಸರಿಗೆ ನುಗ್ಗಿ ಅದನ್ನೇ ಕೆಡಿಸಬಹುದು. ಕಮ್ಮಿಯಾದರೂ ಕಂಪ್ರೆಸರಿಗೇ ಏಟು, ಯಾಕೆಂದರೆ ಅದರ ಮೋಟಾರು ತಣ್ಣಗಿರುವುದು ವಾಪಸು ಬರುವ ಗ್ಯಾಸಿನಿಂದಲೇ.

ಮನೆ ಬದಲಾಯಿಸುವವರಿಗೆ ಒಂದು ಮಾತು. ಎಸಿ ಬಿಚ್ಚುವ ಮೊದಲು ಪಂಪ್‌ಡೌನ್ ಮಾಡಿಸಿ. ಎಸಿ ಓಡುತ್ತಿರುವಾಗ ಸಣ್ಣ ಪೈಪಿನ ವಾಲ್ವ್ ಮುಚ್ಚಿದರೆ ಗ್ಯಾಸೆಲ್ಲ ಔಟ್‌ಡೋರ್ ಯೂನಿಟ್ಟಿಗೆ ಬಂದು ಸೇರುತ್ತದೆ. ಗೇಜ್ ಸೊನ್ನೆಯ ಹತ್ತಿರ ಬಂದ ಕೂಡಲೇ ದಪ್ಪ ಪೈಪಿನ ವಾಲ್ವ್ ಮುಚ್ಚಿ ಎಸಿ ಆಫ್ ಮಾಡಬೇಕು. ಎಸಿ ಸುಸ್ಥಿತಿಯಲ್ಲಿದ್ದರೆ ಹೊಸ ಮನೆಯಲ್ಲೂ ಅದೇ ಗ್ಯಾಸು ಸಾಕು, ಪೈಪ್ ಉದ್ದವಾದರೆ ಮಾತ್ರ ಅದಕ್ಕೆ ತಕ್ಕಷ್ಟು ಸೇರಿಸಿದರಾಯಿತು. ನಮಸ್ಕಾರ.