ತಟ್ಟೆಯ ಮೇಲಿಲ್ಲದ ಹೆಸರು: ಹಳೆಯ ಕಂಟ್ರಿ ಹಾಡುಗಳ ಸ್ಟೀಲ್ ಗಿಟಾರ್ ವಾದಕರನ್ನು ಗುರುತಿಸುವ ಬಗೆ

ಸಭೆಯಲ್ಲಿರುವ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಮಲ್ಲಿಕಾರ್ಜುನ ಮನ್ಸೂರರ ಧ್ವನಿಯನ್ನು ಅರ್ಧ ಆವರ್ತನ ಕೇಳಿದರೆ ಸಾಕು, ಇದು ಅವರದೇ ಎಂದು ಹೇಳಬಲ್ಲವರು ಈ ಸಭೆಯಲ್ಲಿಯೇ ಹಲವರಿದ್ದೀರಿ. ಅದೇ ಧ್ವನಿಮುದ್ರಿಕೆಯಲ್ಲಿ ತಬಲಾ ನುಡಿಸಿದವರು ಯಾರು ಎಂದು ಕೇಳಿದರೆ ಉತ್ತರ ಅಷ್ಟು ಬೇಗ ಬರುವುದಿಲ್ಲ. ಇಂದು ನಾನು ಮಾತನಾಡಲಿರುವುದು ಈ ಎರಡನೆಯ ಬಗೆಯ ಪ್ರಶ್ನೆಯ ಬಗ್ಗೆ. ಅಮೆರಿಕದ ಹಳೆಯ ಕಂಟ್ರಿ, ಅಂದರೆ ಹಳ್ಳಿಗಾಡಿನ ಶೈಲಿಯ, ಹಾಡುಗಳಲ್ಲಿ ಗಾಯಕನ ಹಿಂದೆ ಅಳುವಂತೆ, ಕೆಲವೊಮ್ಮೆ ನಗುವಂತೆ ಜಾರುವ ಸ್ಟೀಲ್ ಗಿಟಾರಿನ ದನಿ ಯಾರ ಕೈಯಿಂದ ಬಂದದ್ದು ಎಂಬುದನ್ನು ಕಂಡುಹಿಡಿಯುವುದು ಹೇಗೆ?

ವಾದ್ಯದ ಪರಿಚಯವನ್ನು ಎರಡೇ ಮಾತಿನಲ್ಲಿ ಮುಗಿಸುತ್ತೇನೆ. ಗೋಟುವಾದ್ಯವನ್ನು ಕಂಡವರಿಗೆ ಇದು ಹೊಸದಲ್ಲ. ಬೆರಳಿನಿಂದ ತಂತಿಯನ್ನು ಒತ್ತುವ ಬದಲು ಅದರ ಮೇಲೆ ಉಕ್ಕಿನ ತುಂಡೊಂದನ್ನು ಜಾರಿಸುತ್ತಾರೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹವಾಯಿಯಲ್ಲಿ ಹುಟ್ಟಿದ ಈ ಪದ್ಧತಿಯ ಶ್ರೇಯಸ್ಸು ಸಾಮಾನ್ಯವಾಗಿ ಜೋಸೆಫ್ ಕೆಕುಕು ಅವರಿಗೆ ಸಲ್ಲುತ್ತದೆ. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದ ಮಹಾಪ್ರದರ್ಶನದ ನಂತರ ಹವಾಯಿ ಸಂಗೀತದ ಹುಚ್ಚು ಅಮೆರಿಕದ ತುಂಬ ಹರಡಿತು. 1930ರ ದಶಕದ ಆರಂಭದಲ್ಲಿ ವಾದ್ಯಕ್ಕೆ ವಿದ್ಯುತ್ತು ಸೇರಿತು. 1935ರ ಜನವರಿಯಲ್ಲಿ ಮಿಲ್ಟನ್ ಬ್ರೌನ್ ಅವರ ತಂಡದೊಂದಿಗೆ ಬಾಬ್ ಡನ್ ಶಿಕಾಗೋದಲ್ಲಿ ನುಡಿಸಿದ ವಿದ್ಯುತ್ ಸ್ಟೀಲ್ ಇಂದಿಗೂ ಸುಲಭವಾಗಿ ಗುರುತು ಸಿಗುತ್ತದೆ. ಡನ್ ಟ್ರಾಂಬೋನ್ ಕೂಡ ಊದುತ್ತಿದ್ದವರು, ಅವರ ಸ್ವರಗುಚ್ಛಗಳು ತಂತಿಯ ಜಾರಿಕೆಗಿಂತ ಊದುವ ಉಸಿರನ್ನೇ ನೆನಪಿಸುತ್ತವೆ. ಮರುವರ್ಷ ಬಾಬ್ ವಿಲ್ಸ್ ತಂಡದ ಮುದ್ರಿಕೆಗಳಲ್ಲಿ ಹುಡುಕುವ ಕಷ್ಟವೂ ಇಲ್ಲ, ಏಕೆಂದರೆ ಹಾಡಿನ ನಡುವೆಯೇ ವಿಲ್ಸ್ ಸ್ಟೀಲ್ ವಾದಕ ಲಿಯಾನ್ ಮೆಕಾಲಿಫ್ ಅವರನ್ನು ಹೆಸರು ಹಿಡಿದು ಕೂಗುತ್ತಾರೆ. ಎಲ್ಲ ಗಾಯಕರೂ ಹೀಗೆ ಕೂಗಿದ್ದರೆ ಈ ಉಪನ್ಯಾಸದ ಅಗತ್ಯವೇ ಇರುತ್ತಿರಲಿಲ್ಲ.

ಉಳಿದವರು ಕೂಗಲಿಲ್ಲ. ಗ್ರಾಮಫೋನ್ ತಟ್ಟೆಯ ಮೇಲಿನ ಚೀಟಿಯಲ್ಲಿ ಗಾಯಕನ ಹೆಸರು, ಹಾಡಿನ ಹೆಸರು, ಕಂಪನಿ, ಒಂದು ಸಂಖ್ಯೆ ಇಷ್ಟೇ. ನಮ್ಮ ಹಳೆಯ ಚಿತ್ರಗೀತೆಗಳ ತಟ್ಟೆಗಳಲ್ಲಿ ಪಿಟೀಲು ನುಡಿಸಿದವರ ಹೆಸರು ಹೇಗೆ ಇಲ್ಲವೋ ಹಾಗೆಯೇ. ಆದ್ದರಿಂದ ಕೇಳುಗರು ಕಿವಿಯನ್ನು ನಂಬುತ್ತಾರೆ, ಮತ್ತು ಬಹಳ ಸಲ ಅಲ್ಲಿಯೇ ಮೋಸ ಹೋಗುತ್ತಾರೆ. ನನ್ನ ಅನುಭವದಲ್ಲಿ ಕಿವಿಗೆ ಮೊದಲು ಗೊತ್ತಾಗುವುದು ವಾದ್ಯ, ಆಮೇಲೆ ಕಾಲ, ಎಲ್ಲಕ್ಕಿಂತ ಕೊನೆಗೆ ವ್ಯಕ್ತಿ. ಈ ಕ್ರಮವನ್ನು ತಲೆಕೆಳಗು ಮಾಡಿ ಮೊದಲೇ ಹೆಸರು ಹೇಳಿಬಿಡುವವರು ನಂತರ ತಮ್ಮ ಹೆಸರಿಗೆ ತಕ್ಕ ಸಾಕ್ಷ್ಯವನ್ನಷ್ಟೇ ಕೇಳಿಸಿಕೊಳ್ಳತೊಡಗುತ್ತಾರೆ.

ವಾದ್ಯದಿಂದ ಕಾಲ ತಿಳಿಯುವುದು ಹೇಗೆಂದರೆ, ಪೆಡಲ್, ಅಂದರೆ ಕಾಲಿನಿಂದ ತುಳಿದು ತಂತಿಯ ಸ್ವರ ಬದಲಿಸುವ ಸಾಧನ, ಇಲ್ಲದ ಸ್ಟೀಲಿನಲ್ಲಿ ಆ ಉಕ್ಕಿನ ಸರಳನ್ನು ಜಾರಿಸಿದಾಗ ಅದರ ಕೆಳಗಿರುವ ತಂತಿಗಳೆಲ್ಲ ಒಟ್ಟಿಗೆ ಏರುತ್ತವೆ, ಒಟ್ಟಿಗೆ ಇಳಿಯುತ್ತವೆ; ಸರಳನ್ನು ಓರೆಯಾಗಿ ಹಿಡಿದು ಅಷ್ಟಿಷ್ಟು ವ್ಯತ್ಯಾಸ ಮಾಡಬಹುದು, ಅದಕ್ಕೂ ಮಿತಿಯುಂಟು. ಪೆಡಲ್ ಇದ್ದರೆ ಒಂದು ತಂತಿ ನಿಂತ ಸ್ವರದಲ್ಲೇ ನಿಂತಿರುವಾಗ ಪಕ್ಕದ ತಂತಿ ಅದರಿಂದ ದೂರ ಸರಿದು ಮೇಲೇರುತ್ತದೆ. ಪೆಡಲ್ ಇದ್ದ ವಾದ್ಯಗಳು ಮೊದಲೂ ಇದ್ದವು. ವಾದ್ಯ ತಯಾರಕ ಪಾಲ್ ಬಿಗ್ಸ್ಬಿ ಅಂಥದೊಂದನ್ನು 1948ರಲ್ಲೇ ಸ್ಟೀಲ್ ವಾದಕ ಸ್ಪೀಡಿ ವೆಸ್ಟ್ ಅವರಿಗೆ ಮಾಡಿಕೊಟ್ಟಿದ್ದರು. ಆದರೆ ತಂತಿ ಇನ್ನೂ ಮಿಡಿಯುತ್ತಿರುವಾಗಲೇ ಪೆಡಲ್ ತುಳಿದು ಆ ಸರಿದಾಟವನ್ನೇ ಕೇಳುಗರ ಕಿವಿಗೆ ಬೀಳಿಸುವ ರೂಢಿ ದೊಡ್ಡದಾಗಿ ಬಂದದ್ದು ಗಾಯಕ ವೆಬ್ ಪಿಯರ್ಸ್ ಅವರ ‘ಸ್ಲೋಲಿ’ ಹಾಡಿನಿಂದ. 1953ರ ನವೆಂಬರ್ ಕೊನೆಯಲ್ಲಿ ಮುದ್ರಣಗೊಂಡು 1954ರಲ್ಲಿ ಜನಪ್ರಿಯ ಕಂಟ್ರಿ ಹಾಡುಗಳ ಪಟ್ಟಿಯ ತುದಿಗೇರಿದ ಆ ಹಾಡಿನಲ್ಲಿ ಸ್ಟೀಲ್ ನುಡಿಸಿದವರು ಬಡ್ ಐಸಾಕ್ಸ್. ಅದನ್ನು ಕೇಳಿದ ಮೇಲೆ ಕಂಟ್ರಿ ಸಂಗೀತದ ಕೇಂದ್ರವಾದ ನ್ಯಾಶ್‌ವಿಲ್ಲಿನ ವಾದಕರು ತಮ್ಮ ವಾದ್ಯಗಳಿಗೂ ಪೆಡಲ್ ಕಟ್ಟಿಸಲು ಮುಗಿಬಿದ್ದರು. ಹಾಗಾಗಿ 1950ರದ್ದೆಂದು ಹೇಳಲಾಗುವ ಹಾಡಿನಲ್ಲಿ ಈ ಸರಿದಾಟ ಢಾಳಾಗಿ ಕೇಳಿದರೆ ವಾದಕನ ಹೆಸರಿಗಿಂತ ಮೊದಲು ಆ ಇಸವಿಯನ್ನೇ ಅನುಮಾನಿಸಬೇಕು. ಇನ್ನೊಂದು ಗೆರೆ 1962ರದು. ಆ ವರ್ಷ ಸ್ಟೀಲ್ ವಾದಕ ಬಡಿ ಎಮನ್ಸ್ ತಮ್ಮ ಶ್ರುತಿಜೋಡಣೆಗೆ ಎರಡು ತಂತಿಗಳನ್ನು ಹೆಚ್ಚಾಗಿ ಸೇರಿಸಿದರು. ಸರಳು ಹೆಚ್ಚು ಕದಲದೆಯೇ ಸ್ವರಶ್ರೇಣಿ ಹರಿಯುವುದು ಅದರಿಂದ ಸುಲಭವಾಯಿತು.

ಇನ್ನು ವ್ಯಕ್ತಿಯ ವಿಷಯ. ಇದಕ್ಕೆ ಕಂಟ್ರಿ ಗಾಯಕ ಹ್ಯಾಂಕ್ ವಿಲಿಯಮ್ಸ್ ಅವರ ತಟ್ಟೆಗಳಿಗಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಹ್ಯಾಂಕ್ ವಿಲಿಯಮ್ಸ್ ಎಂದರೆ ಸ್ಟೀಲಿನಲ್ಲಿ ಡಾನ್ ಹೆಲ್ಮ್ಸ್ ಎಂಬುದು ಜನಜನಿತವಾದ ಮಾತು. ಮೊದಲ ದೊಡ್ಡ ಯಶಸ್ಸಾದ ‘ಲವ್‌ಸಿಕ್ ಬ್ಲೂಸ್’ ತಟ್ಟೆಯ ಮೇಲೂ ‘ಹ್ಯಾಂಕ್ ವಿಲಿಯಮ್ಸ್ ಮತ್ತು ಅವರ ಡ್ರಿಫ್ಟಿಂಗ್ ಕೌಬಾಯ್ಸ್’ ಎಂಬರ್ಥದ ಒಕ್ಕಣೆಯಿದೆ. ಹೆಲ್ಮ್ಸ್ ಆ ತಂಡದವರು. ಅಚ್ಚಾದ ಮಾತು, ಜನರ ಮಾತು ಎರಡೂ ಒಂದೇ ಕಡೆ ಕೈ ತೋರಿಸುತ್ತಿದ್ದರೂ ಎರಡೂ ತಪ್ಪು. ಸಂಗೀತಗಾರರ ಸಂಘ 1948ರ ವರ್ಷವಿಡೀ ಧ್ವನಿಮುದ್ರಣವನ್ನು ಬಹಿಷ್ಕರಿಸಿತ್ತು. ಡಿಸೆಂಬರ್ ಮಧ್ಯದಲ್ಲಿ ಬಹಿಷ್ಕಾರ ಮುಗಿದು ಒಂದು ವಾರವಷ್ಟೇ ಆಗಿದ್ದಾಗ, 22ನೆಯ ತಾರೀಖು, ಸಿನ್ಸಿನಾಟಿಯ ಹರ್ಜಾಗ್ ಸ್ಟುಡಿಯೋದಲ್ಲಿ ಈ ಹಾಡು ಮುದ್ರಣವಾಯಿತು. ಅಲ್ಲಿ ನುಡಿಸಿದವರು ಆ ಊರಿನಲ್ಲಿ ನೆಲೆಸಿದ್ದ ನುರಿತ ವಾದಕರು, ಸ್ಟೀಲ್ ಹಿಡಿದವರು ಜೆರಿ ಬರ್ಡ್. 1949ರ ಆಗಸ್ಟ್ 30ರಂದು ಅದೇ ಸ್ಟುಡಿಯೋದಲ್ಲಿ ಮುದ್ರಣವಾದ ‘ಐಯಾಮ್ ಸೋ ಲೋನ್ಸಮ್ ಐ ಕುಡ್ ಕ್ರೈ’ ಹಾಡಿನಲ್ಲಿಯೂ ಬರ್ಡ್ ಅವರೇ ಇದ್ದಾರೆ, ಹೆಲ್ಮ್ಸ್ ಆ ಹೊತ್ತಿಗೆ ತಂಡಕ್ಕೆ ಮರಳಿ ಬಂದಿದ್ದರೂ ಕೂಡ.

ಒಮ್ಮೆ ಇದು ತಿಳಿದ ಮೇಲೆ ಕಿವಿಗೆ ವ್ಯತ್ಯಾಸ ಸ್ಪಷ್ಟವಾಗಿ ಕೇಳತೊಡಗುತ್ತದೆ. ಬರ್ಡ್ ಅವರ ನಾದ ದುಂಡಗೆ, ಬೆಚ್ಚಗೆ, ಹವಾಯಿಯ ನೆನಪನ್ನು ಇಟ್ಟುಕೊಂಡಿದೆ; ಸ್ವರದ ಮೇಲಿನ ಕಂಪನ ನಿಧಾನವಾದದ್ದು, ಅವಸರವಿಲ್ಲದ್ದು. ಅವರು ಕೊನೆಯವರೆಗೂ ಪೆಡಲ್ ಮುಟ್ಟಲಿಲ್ಲ, ಮುಂದೆ ಹವಾಯಿಗೇ ಹೋಗಿ ನೆಲೆಸಿದರು. ಹೆಲ್ಮ್ಸ್ ಗಾಯಕನಿಗಿಂತ ಬಹಳ ಮೇಲಿನ ಸ್ಥಾಯಿಯಲ್ಲಿ ಕುಳಿತು ಚೂಪಾಗಿ ನುಡಿಸುತ್ತಾರೆ. 1952ರ ಸೆಪ್ಟೆಂಬರಿನಲ್ಲಿ ಮುದ್ರಣವಾದ ‘ಯುವರ್ ಚೀಟಿನ್ ಹಾರ್ಟ್’ ಹಾಡಿನ ಮೊದಲ ಸ್ವರಗಳು ಸೂಜಿಯಂತೆ ಚುಚ್ಚುವುದು ಇದರಿಂದಲೇ. ಆದರೆ ಒಂದನ್ನು ಒಪ್ಪಿಕೊಳ್ಳಬೇಕು: ನಮಗೆ ಈ ವ್ಯತ್ಯಾಸ ಕೇಳಿಸಿದ್ದು ಕಾಗದ ನೋಡಿದ ಮೇಲೆ, ಅದಕ್ಕೆ ಮೊದಲಲ್ಲ.

ಆ ಕಾಗದ ಯಾವುದು? ಸಂಗೀತಗಾರರ ಸಂಘದ ಒಪ್ಪಂದದಂತೆ ಪ್ರತಿ ಮುದ್ರಣ ಸರದಿಗೂ, ಅಂದರೆ ಸಾಮಾನ್ಯವಾಗಿ ಮೂರು ಗಂಟೆಗಳ ಕೆಲಸಕ್ಕೆ, ಒಂದು ವರದಿಯನ್ನು ತುಂಬಬೇಕಿತ್ತು. ಅದರಲ್ಲಿ ದಿನಾಂಕ, ಸ್ಥಳ, ಹಾಡುಗಳು, ವಾದಕರ ಹೆಸರು, ಪ್ರತಿಯೊಬ್ಬರಿಗೂ ಸಲ್ಲಬೇಕಾದ ಸಂಭಾವನೆ ಇರುತ್ತದೆ. ಇತಿಹಾಸಕ್ಕಾಗಿ ಬರೆದ ಕಾಗದವಲ್ಲ, ಸಂಬಳಕ್ಕಾಗಿ ಬರೆದದ್ದು. ನನ್ನ ದೃಷ್ಟಿಯಲ್ಲಿ ಅದನ್ನು ನಂಬಲು ಇದೇ ದೊಡ್ಡ ಕಾರಣ. ಹಾಗೆಂದು ಅದೇ ಕೊನೆಯ ಮಾತೂ ಅಲ್ಲ. ಹೆಸರಿನ ಮುಂದೆ ವಾದ್ಯ ಯಾವುದೆಂದು ಎಲ್ಲ ವರದಿಗಳಲ್ಲೂ ಇರುವುದಿಲ್ಲ, ಮತ್ತು ಶಾಟ್ ಜಾಕ್ಸನ್ ಅವರಂತೆ ಡೋಬ್ರೋ (ಹೀಗೆಯೇ ಸರಳು ಜಾರಿಸಿ ನುಡಿಸುವ, ವಿದ್ಯುತ್ತಿಲ್ಲದ ಗಿಟಾರ್), ಸ್ಟೀಲ್ ಎರಡನ್ನೂ ನುಡಿಸುವವರು ಕುಳಿತಿದ್ದರೆ ಯಾವ ಹಾಡಿಗೆ ಯಾವುದನ್ನು ಹಿಡಿದರು ಎಂಬುದನ್ನು ಮತ್ತೆ ಕಿವಿಯೇ ಹೇಳಬೇಕು.

ಇನ್ನೊಂದು ಬಲೆ ಹೆಸರಿನ ಸಹವಾಸದ್ದು. ‘ಕ್ರೇಜಿ ಆರ್ಮ್ಸ್’ ಹಾಡನ್ನು ರಚಿಸಿದವರಲ್ಲಿ ರಾಲ್ಫ್ ಮೂನಿ ಒಬ್ಬರು. ಅವರು ಸ್ವತಃ ದೊಡ್ಡ ಸ್ಟೀಲ್ ವಾದಕರಾದ್ದರಿಂದ 1956ರಲ್ಲಿ ಗಾಯಕ ರೇ ಪ್ರೈಸ್ ಹಾಡಿದ ಮುದ್ರಿಕೆಯಲ್ಲಿ ಅವರದೇ ಕೈ ಇರಬೇಕೆಂದು ಊಹಿಸುವುದು ಸಹಜ. ಅಲ್ಲಿ ನುಡಿಸಿದವರು ಜಿಮ್ಮಿ ಡೇ. ಮೂನಿಯನ್ನು ಕೇಳಬೇಕಾದರೆ ಪಶ್ಚಿಮ ಕರಾವಳಿಯ ಕಡೆಗೆ, ವಿನ್ ಸ್ಟೂವರ್ಟ್ ಮತ್ತು ಆರಂಭದ ಬಕ್ ಓವೆನ್ಸ್ ಅವರ ಹಾಡುಗಳಿಗೆ ಹೋಗಬೇಕು. ಅಲ್ಲಿ ಸ್ವರಗಳು ಕಾದ ಹೆಂಚಿನ ಮೇಲಿನ ಸಾಸಿವೆಯಂತೆ ಸಿಡಿಯುತ್ತವೆ.

ತಟ್ಟೆಯ ಕವಚದ ಮೇಲೆ ಹೆಸರುಗಳು ಬರತೊಡಗಿದ ಕಾಲದಲ್ಲೂ ಕೆಲಸ ಮುಗಿಯುವುದಿಲ್ಲ. ‘ದ ಬರ್ಡ್ಸ್’ ಎಂಬ ರಾಕ್ ತಂಡದ (ಜೆರಿ ಬರ್ಡ್ ಅವರಿಗೂ ಇದಕ್ಕೂ ಸಂಬಂಧವಿಲ್ಲ) 1968ರ ‘ಸ್ವೀಟ್‌ಹಾರ್ಟ್ ಆಫ್ ದ ರೋಡಿಯೋ’ ಎಂಬ ಹಾಡುಗಳ ಸಂಕಲನದಲ್ಲಿ ಲಾಯ್ಡ್ ಗ್ರೀನ್, ಜೇಡಿ ಮೆನೆಸ್ ಎಂಬ ಇಬ್ಬರು ಸ್ಟೀಲ್ ವಾದಕರಿದ್ದಾರೆ. ಇಲ್ಲಿ ಬಿಡಿಸುವ ದಾರಿ ಊರು: ನ್ಯಾಶ್‌ವಿಲ್ಲಿನಲ್ಲಿ ಮುದ್ರಣವಾದವುಗಳಲ್ಲಿ ಗ್ರೀನ್, ಲಾಸ್ ಏಂಜಲಿಸ್‌ನವುಗಳಲ್ಲಿ ಮೆನೆಸ್.

ಕೊನೆಯದಾಗಿ, ಹಾಡಿದ ದಿನವೇ ನುಡಿಸಿದ ದಿನ ಎಂದುಕೊಳ್ಳಬಾರದು. ಹ್ಯಾಂಕ್ ವಿಲಿಯಮ್ಸ್ 1953ರ ಹೊಸವರ್ಷದ ದಿನ ತೀರಿಕೊಂಡ ಮೇಲೆ ಅವರು ಒಂಟಿ ಗಿಟಾರಿನೊಂದಿಗೆ ಹಾಡಿಟ್ಟಿದ್ದ ಹಾಡುಗಳಿಗೆ ಕಂಪನಿಯವರು ವಾದ್ಯಗಳನ್ನು ಸೇರಿಸಿ ಮಾರಿದರು. ಅಂಥ ಮುದ್ರಿಕೆಗೆ ಎರಡು ದಿನಾಂಕಗಳಿರುತ್ತವೆ, ಧ್ವನಿಗೆ ಒಂದು, ತಂತಿಗೆ ಇನ್ನೊಂದು. ಮೊದಲನೆಯದನ್ನು ಹಿಡಿದು ಎರಡನೆಯದರ ವಾದಕನನ್ನು ಹುಡುಕಿದರೆ ಎಷ್ಟು ಕಾಗದ ತಿರುವಿದರೂ ಆತ ಸಿಗುವುದಿಲ್ಲ.

ಈಗ ಎರಡು ಹಾಡುಗಳನ್ನು ಕೇಳಿಸುತ್ತೇನೆ, ಮೊದಲು 1949ರ ಆಗಸ್ಟಿನದು, ಆಮೇಲೆ 1952ರ ಸೆಪ್ಟೆಂಬರಿನದು. ದಯವಿಟ್ಟು ಗಾಯಕನನ್ನು ಸ್ವಲ್ಪ ಹೊತ್ತು ಮರೆತು ಹಿಂದಿನ ತಂತಿಯನ್ನಷ್ಟೇ ಕೇಳಿ. ಸ್ವರ ಎಲ್ಲಿ ನಿಲ್ಲುತ್ತದೆ, ನಿಂತ ಮೇಲೆ ಎಷ್ಟು ನಿಧಾನವಾಗಿ ನಡುಗುತ್ತದೆ ಎಂಬುದರ ಕಡೆ ಗಮನವಿರಲಿ.